ಅರ್ಧ ಮಿಲಿಮೀಟರ್ ಕಾಟ: ಮನೆಯಲ್ಲೇ ಮಾಡಿದ ಕ್ಯಾಮೆರಾ ಸ್ಟೆಬಿಲೈಸರ್

ಹೋದ ತಿಂಗಳು ನಮ್ಮ ಕಿರುಚಿತ್ರಕ್ಕೆ ಒಂದೇ ಒಂದು ಶಾಟ್ ಬಾಕಿ ಇತ್ತು. ಹುಡುಗ ಬಾಗಿಲಿನಿಂದ ಒಳಗೆ ಬರುತ್ತಾನೆ, ಉದ್ದದ ಕಾರಿಡಾರ್‌ನಲ್ಲಿ ನಡೆಯುತ್ತಾನೆ, ಕೊನೆಯ ಕೋಣೆಯ ಮುಂದೆ ನಿಲ್ಲುತ್ತಾನೆ. ಕ್ಯಾಮೆರಾ ಅವನ ಬೆನ್ನ ಹಿಂದೆಯೇ ಹೋಗಬೇಕು. ಅವನು ನಿಂತ ಕೂಡಲೇ ಪಕ್ಕದಿಂದ ಸುತ್ತಿ ಬಂದು ಮುಖ ತೋರಿಸಬೇಕು. ಕಟ್ ಇಲ್ಲ, ಸುಮಾರು 40 ಸೆಕೆಂಡ್. ಕೈಯಲ್ಲೇ ಹಿಡಿದು ತೆಗೆದೆ. ನೋಡಿದ ತಮ್ಮ ಹೇಳಿದ್ದು ಇಷ್ಟು: "ಅಣ್ಣಾ, ಹುಡುಗ ನೆಟ್ಟಗೇ ನಡೀತಿದ್ದಾನೆ. ಕುಡಿದಿರೋದು ಕ್ಯಾಮೆರಾ."

ಮೊದಲು ಸಾಫ್ಟ್‌ವೇರ್‌ನಲ್ಲೇ ಸರಿಮಾಡೋಣ ಅಂತ ಕೂತೆ. ಅರ್ಧ ಸರಿಹೋಯಿತು. ಅಂಚುಗಳು ಕತ್ತರಿಸಿಹೋದವು, ಅದನ್ನು ಸಹಿಸಿಕೊಳ್ಳಬಹುದು. ಆದರೆ 1/50 ಸೆಕೆಂಡಿನ ಶಟರ್‌ನಲ್ಲಿ ಕೈ ನಡುಗಿದರೆ ಆ ನಡುಕದ ಮಸುಕು ಫ್ರೇಮಿನ ಒಳಗೇ ಅಚ್ಚಾಗಿರುತ್ತದೆ. ಸಾಫ್ಟ್‌ವೇರ್ ಫ್ರೇಮನ್ನು ಜಾಗಕ್ಕೆ ತಂದು ಕೂರಿಸುತ್ತದೆ, ಮಸುಕನ್ನು ಒರೆಸುವುದಿಲ್ಲ. ಚಿತ್ರ ಅಲ್ಲಾಡದೆ ನಿಂತಿದೆ, ಆದರೆ ಹೆಜ್ಜೆಗೊಮ್ಮೆ ಮಬ್ಬಾಗುತ್ತಿದೆ. ನನಗೆ ಇದು ನಡುಕಕ್ಕಿಂತ ಕೆಟ್ಟದಾಗಿ ಕಂಡಿತು.

ಕ್ಯಾಮೆರಾವನ್ನು ಮೋಟಾರಿನಿಂದ ಅಲ್ಲಾಡದ ಹಾಗೆ ಹಿಡಿಯುವ ಗಿಂಬಲ್ ತಗೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ತಗೊಳ್ಳಬಹುದಿತ್ತು. ದುಡ್ಡು ಇರಲಿಲ್ಲ. ಡಬ್ಬಿಯಲ್ಲಿ ಬೇರಿಂಗ್ ಇದ್ದವು, ಮೂಲೆಯಲ್ಲಿ ಅಲ್ಯೂಮಿನಿಯಂ ಪೈಪಿನ ತುಂಡು ಇತ್ತು. ಹಾಗೆ ಈ ಸ್ಟೆಬಿಲೈಸರ್ ಶುರುವಾಯಿತು.

ಇದರ ಹಿಂದಿನ ಉಪಾಯ ಹೊಸದೇನಲ್ಲ. ಗ್ಯಾರೆಟ್ ಬ್ರೌನ್ ಎಂಬ ಛಾಯಾಗ್ರಾಹಕ 1970ರ ದಶಕದ ನಡುವಿನಲ್ಲಿ ಸ್ಟೆಡಿಕ್ಯಾಮ್ ಎಂಬ, ನಡೆಯುವಾಗಲೂ ಕ್ಯಾಮೆರಾ ಅಲ್ಲಾಡದ ಹಾಗೆ ಹೊರುವ ಯಂತ್ರ ಕಟ್ಟಿದರು. 1976ರಲ್ಲಿ ಅದು ಸಿನಿಮಾಗಳಲ್ಲಿ ಕಾಣಿಸಿಕೊಂಡಿತು, 1978ರಲ್ಲಿ ಅದಕ್ಕೆ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿಯೂ ಬಂತು. ಅವರ ಯಂತ್ರದಲ್ಲಿ ಎದೆಗೆ ಕಟ್ಟುವ ಕವಚ, ಸ್ಪ್ರಿಂಗ್ ಇರುವ ತೋಳು ಎಲ್ಲ ಇವೆ. ಅವನ್ನೆಲ್ಲ ಬಿಟ್ಟು ನೋಡಿದರೆ ಉಳಿಯುವುದು ಒಂದು ಕಂಬ. ಮೇಲೆ ಕ್ಯಾಮೆರಾ, ಕೆಳಗೆ ಬ್ಯಾಟರಿ ಮತ್ತು ಮಾನಿಟರ್, ನಡುವೆ ಎಲ್ಲೋ ಒಂದು ಕಡೆ ಮೂರೂ ದಿಕ್ಕಿಗೆ ಸಡಿಲವಾಗಿ ತಿರುಗುವ ಕೀಲು. ನಾನು ಮಾಡಹೊರಟಿದ್ದು ಆ ಕಂಬವನ್ನು ಮಾತ್ರ.

ಕಂಬ ಯಾಕೆ ಬೇಕು? ಹಗ್ಗದ ಮೇಲೆ ನಡೆಯುವವರು ಉದ್ದದ ಗಳ ಹಿಡಿದಿರುತ್ತಾರಲ್ಲ, ಅದೇ ಕಾರಣಕ್ಕೆ. ತೂಕ ನಡುವಿನಿಂದ ದೂರ ಇದ್ದಷ್ಟೂ ಅದನ್ನು ತಿರುಗಿಸುವುದು ಕಷ್ಟ. ದೂರ ಎರಡರಷ್ಟಾದರೆ ತಿರುಗದೆ ಹಟ ಹಿಡಿಯುವ ಗುಣ ನಾಲ್ಕರಷ್ಟಾಗುತ್ತದೆ. ಇಲ್ಲಿ ನನಗೆ ಮೊದಲು ಹೊಳೆಯದೇ ಇದ್ದ ಒಂದು ಸಂಗತಿ ಇದೆ. ಕೀಲಿನಿಂದ 14 ಸೆಂ.ಮೀ. ಕೆಳಗೆ 1 ಕೆಜಿ ಕಟ್ಟಿದರೂ ಒಂದೇ, 28 ಸೆಂ.ಮೀ. ಕೆಳಗೆ ಅರ್ಧ ಕೆಜಿ ಕಟ್ಟಿದರೂ ಒಂದೇ, ತಕ್ಕಡಿ ಲೆಕ್ಕದಲ್ಲಿ ಎರಡೂ ಸಮ. ಆದರೆ ಅರ್ಧ ಕೆಜಿಯದ್ದು ಎರಡರಷ್ಟು ಹಟಮಾರಿ. ತೂಕವೂ ಕಡಿಮೆ, ಸ್ಥಿರತೆಯೂ ಜಾಸ್ತಿ. ಕೆಳಗೆ ಕಬ್ಬಿಣ ಹೇರುವ ಮುಂಚೆ ಕಂಬ ಉದ್ದ ಮಾಡಿ ನೋಡಿ. ಮಣಿಕಟ್ಟು ನಿಮ್ಮದೇ ಅಲ್ವಾ.

ಹಟ ಇದ್ದರೆ ಮಾತ್ರ ಸಾಲದು, ಕೈಯ ನಡುಕ ಕಂಬಕ್ಕೆ ತಲುಪಲೂ ಬಾರದು. ಅದಕ್ಕೇ ನಡುವೆ ಸಡಿಲ ಕೀಲು. ಈ ಬರಹದ ಮುಕ್ಕಾಲು ಪಾಲು ಆ ಕೀಲಿನ ಗೋಳು.

ಮೊದಲನೇ ಪ್ರಯತ್ನ ಬೇಗ ಹೇಳಿ ಮುಗಿಸುತ್ತೇನೆ. ಹಳೇ ಟ್ರೈಪಾಡ್‌ನ ಬಾಲ್‌ಹೆಡ್ (ಕ್ಯಾಮೆರಾವನ್ನು ಗುಂಡಿನ ಮೇಲೆ ತಿರುಗಿಸುವ ಭಾಗ) ಬಿಚ್ಚಿ, ಸ್ಕ್ರೂ ಸಡಿಲ ಮಾಡಿ, ಅದನ್ನೇ ಕೀಲಾಗಿ ಬಳಸಿದೆ. ಗುಂಡು ಸುಲಭವಾಗಿ ತಿರುಗುತ್ತದೆ ಅಂತ ಕೈಗೆ ಅನ್ನಿಸಿತ್ತು. ಕಂಬ ಹಾಕಿ ನೋಡಿದರೆ ಅದು ಎಲ್ಲಿ ಬಿಟ್ಟರೆ ಅಲ್ಲೇ ನಿಂತುಬಿಡುತ್ತಿತ್ತು. ಕೈಗೆ ಸಡಿಲ ಅನ್ನಿಸುವುದು ಬೇರೆ, ಕೆಲವೇ ಗ್ರಾಂ ಬಲಕ್ಕೆ ಜಗ್ಗುವುದು ಬೇರೆ. ಗ್ರೀಸ್ ಹಚ್ಚಿದೆ, ಎಣ್ಣೆ ಬಿಟ್ಟೆ, ಉಪಯೋಗ ಆಗಲಿಲ್ಲ. ತಿಕ್ಕಾಡುವ ಮೇಲ್ಮೈ ಅಷ್ಟು ದೊಡ್ಡದಿದ್ದರೆ ಏನು ಸವರಿದರೂ ಅಷ್ಟೇ. ಒಂದು ಸಂಜೆ ಹೋಯಿತು.

ಎರಡನೇ ಸಲ ಕೂತು ಚಿತ್ರ ಬರೆದೆ. ಕಂಬಕ್ಕೆ 20 ಮಿ.ಮೀ. ಹೊರ ಅಳತೆಯ ಅಲ್ಯೂಮಿನಿಯಂ ಪೈಪು, 40 ಸೆಂ.ಮೀ. ಉದ್ದ. ಈ ಅಳತೆಗೆ ಕಾರಣ ಇದೆ. 6804 ನಂಬರಿನ ಬೇರಿಂಗ್‌ನ ಒಳ ತೂತು ಸರಿಯಾಗಿ 20 ಮಿ.ಮೀ., ಹೊರ ಅಳತೆ 32, ದಪ್ಪ 7. ಪೈಪನ್ನು ಅದರೊಳಗೆ ತೂರಿಸಿದರೆ ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗುವ ಕೆಲಸ ಮುಗಿಯಿತು. ಆ ಬೇರಿಂಗನ್ನು ಹಿಡಿದಿರುವ ಒಂದು ಚೌಕದ ತುಂಡು. ಆ ತುಂಡನ್ನು ಎಡಬಲದಿಂದ ಎರಡು ಮೊನೆಗಳು ಒತ್ತಿ ಹಿಡಿದಿರುತ್ತವೆ, ಅವುಗಳ ಮೇಲೆ ಅದು ಮುಂದಕ್ಕೂ ಹಿಂದಕ್ಕೂ ಬಾಗುತ್ತದೆ. ಆ ಮೊನೆಗಳು ಇರುವುದು ಯು ಆಕಾರಕ್ಕೆ ಬಗ್ಗಿಸಿದ ಪಟ್ಟಿಯ ಎರಡು ತೋಳುಗಳಲ್ಲಿ. ಪಟ್ಟಿಯ ನಡುಮಧ್ಯದಿಂದ ಒಂದು ಎಂ8 (8 ಮಿ.ಮೀ. ದಪ್ಪದ) ಬೋಲ್ಟ್ ಹಿಂದಕ್ಕೆ ಹೋಗಿ, ನಾವು ಕೈಯಲ್ಲಿ ಹಿಡಿಯುವ ಹಿಡಿಯಲ್ಲಿರುವ ಎರಡು 608 ಬೇರಿಂಗ್‌ಗಳಲ್ಲಿ ಕೂರುತ್ತದೆ. 608 ಅಂದರೆ ಸ್ಕೇಟ್‌ಬೋರ್ಡ್ ಚಕ್ರದಲ್ಲಿರುವುದು, ಒಳ ತೂತು 8 ಮಿ.ಮೀ. ಅಲ್ಲಿ ಎಡಬಲಕ್ಕೆ ವಾಲುವ ಚಲನೆ. ಒಟ್ಟು ಮೂರು ಅಕ್ಷ.

ಹಿಡಿಯಲ್ಲಿ ಒಂದೇ ಬೇರಿಂಗ್ ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ, ಬೋಲ್ಟ್ ಲೊಡಲೊಡ ಅನ್ನುತ್ತದೆ. ಎರಡನ್ನು 25 ಮಿ.ಮೀ. ಅಂತರದಲ್ಲಿ ಕೂರಿಸಿದ ಮೇಲೆ ಗಟ್ಟಿಯಾಯಿತು.

ಚೌಕದ ತುಂಡನ್ನು ಮೊದಲು 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದೆ. ಅದರ ಅಂಚಿಗೆ ಸ್ಕ್ರೂ ಹಾಕಿದ ಕೂಡಲೇ ಪದರ ಬಿಟ್ಟುಕೊಂಡಿತು. ಆಮೇಲೆ ಹೊಳೆದದ್ದು ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಹಲಗೆ. 15 ಮಿ.ಮೀ. ದಪ್ಪ ಇತ್ತು. ಬೆಣ್ಣೆಯ ಹಾಗೆ ಕೊರೆಯುತ್ತದೆ, ಸೀಳುವುದಿಲ್ಲ. ಒಂದು ತೊಂದರೆ: ಇದಕ್ಕೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ, ಒಣಗಿದ ಮೇಲೆ ಉಗುರಲ್ಲೇ ಕಿತ್ತು ಬರುತ್ತದೆ. ಹಾಗಾಗಿ ಬೇರಿಂಗನ್ನು ಬಿಗಿಯಾಗಿ ಒತ್ತಿ ಕೂರಿಸಿದೆ. ಮೇಲಿಂದ ಮೂರು ಸ್ಕ್ರೂ ಹಾಕಿ, ಅವುಗಳ ವಾಷರ್ ಬೇರಿಂಗಿನ ಹೊರ ಬಳೆಯನ್ನು ಮಾತ್ರ ಹಿಡಿಯುವ ಹಾಗೆ ಮಾಡಿದೆ. ವಾಷರ್ ಒಳ ಬಳೆಗೆ ತಾಗಿದರೆ ಅದೇ ಬ್ರೇಕು.

ಬೇರಿಂಗ್ ಬಗ್ಗೆ ಇನ್ನೊಂದು ಮಾತು. ನನ್ನ ಹತ್ತಿರ ಇದ್ದದ್ದು 6804-2ಆರ್‌ಎಸ್, ಅಂದರೆ ಎರಡೂ ಕಡೆ ರಬ್ಬರ್ ಸೀಲ್ ಇರುವುದು. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ನೀರು, ದೂಳು ಒಳಗೆ ಹೋಗಬಾರದು ಅಂತ ರಬ್ಬರು ಒಳ ಬಳೆಯನ್ನು ಸವರಿಕೊಂಡೇ ಇರುತ್ತದೆ. ನಮಗೆ ಅದು ಬೇಡ. ಸೂಜಿ ಹಾಕಿ ಎರಡೂ ಸೀಲ್ ಎಬ್ಬಿಸಿದೆ. ಒಳಗೆ ಗಟ್ಟಿ ಗ್ರೀಸ್ ತುಂಬಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟೆ. ಈಗ ಊದಿದರೆ ತಿರುಗುತ್ತದೆ. 608ಗಳಿಗೂ ಅದೇ ಸ್ನಾನ.

ಪೈಪು 20 ಅಂದರೂ ಬೇರಿಂಗಿನೊಳಗೆ ಹೋಗಲಿಲ್ಲ. ಕೂದಲೆಳೆಯಷ್ಟು ದಪ್ಪ. ಸುತ್ತಿಗೆ ತಗೊಳ್ಳುವ ಮನಸ್ಸಾಯಿತು, ತಗೊಳ್ಳಲಿಲ್ಲ. 400 ನಂಬರಿನ ಎಮರಿ ಕಾಗದ ಸುತ್ತಿ, ಕೂತು ಉಜ್ಜಿದೆ. ಮೇಲಿಂದ 8 ಸೆಂ.ಮೀ.ನಿಂದ 16 ಸೆಂ.ಮೀ.ವರೆಗೆ ಮಾತ್ರ ಸರಾಗವಾಗಿ ಜಾರಿದರೆ ಸಾಕು, ಕೀಲು ಅಲ್ಲೇ ಇರುವುದು. ಕೆಳಗಿನ ಭಾಗವನ್ನೂ ಒಂದು ಸಲ ಲಘುವಾಗಿ ಉಜ್ಜಬೇಕು, ಬೇರಿಂಗ್ ಅಲ್ಲಿಂದಲೇ ಮೇಲೆ ಬರಬೇಕಲ್ಲ.

ಇನ್ನು ಆ ಎರಡು ಮೊನೆಗಳು. ಯು ಪಟ್ಟಿ 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ವೈಸ್‌ನಲ್ಲಿ ನೇರ ಮೂಲೆಗೆ ಬಗ್ಗಿಸಿದರೆ ಹೊರಮೈ ಬಿರುಕು ಬಿಡುತ್ತದೆ. ಮಧ್ಯೆ ಒಂದು ದಪ್ಪ ಸರಳು ಇಟ್ಟು ಅದರ ಸುತ್ತ ಬಗ್ಗಿಸಿದೆ. ಎರಡೂ ತೋಳುಗಳಲ್ಲಿ ಎಂ5 ತೂತು, ಅದಕ್ಕೆ ಮೊನೆಯುಳ್ಳ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ), ಹೊರಗಿನಿಂದ ಅದನ್ನು ಜಾರದ ಹಾಗೆ ಹಿಡಿಯುವ ಲಾಕ್‌ನಟ್. ಚೌಕದ ತುಂಡಿನ ಎರಡು ಬದಿಗೂ ಒಂದೊಂದು ಉಕ್ಕಿನ ಸ್ಕ್ರೂ ಇಳಿಸಿ, ಅವುಗಳ ತಲೆಗೆ ಸೆಂಟರ್ ಪಂಚ್‌ನಿಂದ ಸಣ್ಣ ಗುಳಿ ಹೊಡೆದೆ. ಮೊನೆ ಗುಳಿಯಲ್ಲಿ ಕೂರುತ್ತದೆ. ಹಳೇ ಅಲಾರಂ ಗಡಿಯಾರ ಬಿಚ್ಚಿದವರಿಗೆ ಗೊತ್ತಿರುತ್ತದೆ, ಅದರ ಬ್ಯಾಲೆನ್ಸ್ ಚಕ್ರವೂ ಹೀಗೇ ಎರಡು ಕಡೆ ಮೊನೆ, ಗುಳಿಗಳ ಮೇಲೆ ಕೂತಿರುತ್ತದೆ. ಬೇರಿಂಗ್ ಖರ್ಚು ಉಳಿಯಿತು ಅಂತ ಮಾತ್ರ ಆಗ ಖುಷಿಪಟ್ಟೆ. ಈ ಸ್ಕ್ರೂಗಳೇ ಮುಂದೆ ನನ್ನನ್ನು ಕಾಪಾಡುತ್ತವೆ ಅಂತ ಗೊತ್ತಿರಲಿಲ್ಲ.

ಉಳಿದದ್ದಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೇಲೆ ಕ್ಯಾಮೆರಾ ಕೂರುವ ಪ್ಲೈ ಹಲಗೆ, ಅದನ್ನು ಹಿಂದೆ ಮುಂದೆ ಎಡ ಬಲ ಸರಿಸಲು ಉದ್ದ ತೂತುಗಳು. ಕೆಳಗೆ 30 ಸೆಂ.ಮೀ. ಉದ್ದದ ಕಬ್ಬಿಣದ ಪಟ್ಟಿ, ಅದರ ಎರಡೂ ತುದಿಗೆ ವಾಷರ್‌ಗಳ ಗುಡ್ಡೆ. ಕೀಲಿನ ಮೇಲೆ ಕೆಳಗೆ ಪೈಪಿಗೆ ಹೋಸ್ ಕ್ಲಿಪ್ (ಪೈಪಿನ ಸುತ್ತ ಬಿಗಿಯುವ ಉಂಗುರ), ಬೇರಿಂಗ್ ಜಾರದ ಹಾಗೆ. ಕ್ಲಿಪ್ ಮತ್ತು ಬೇರಿಂಗ್ ನಡುವೆ ಒಳ ಬಳೆಗೆ ಮಾತ್ರ ತಾಗುವ ತೆಳು ಉಂಗುರ.

ಕ್ಯಾಮೆರಾ ಹಿಡಿಯುವ ಬೋಲ್ಟ್ ವಿಷಯದಲ್ಲಿ ಮಾತ್ರ ಹುಷಾರು. ಕ್ಯಾಮೆರಾದ ತಳದಲ್ಲಿರುವುದು ಕಾಲಿಂಚು ಅಳತೆ, ಇಂಚಿಗೆ 20 ಥ್ರೆಡ್. ನಟ್ ಡಬ್ಬಿಯಲ್ಲಿ ಸಿಗುವ ಎಂ6 ಬೋಲ್ಟ್ ನೋಡಲು ಹಾಗೇ ಇದೆ, ಎರಡು ಸುತ್ತು ಹೋಗುತ್ತದೆ ಕೂಡ. ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು ಅಂದರೆ ಕೂತಿತು ಅಂತಲ್ಲ, ಥ್ರೆಡ್ ತಿನ್ನಲು ಶುರುಮಾಡಿತು ಅಂತ. ಬೋಲ್ಟ್ ಉದ್ದವೂ ಮುಖ್ಯ. ಕ್ಯಾಮೆರಾದ ತೂತು ಆಳ ಇಲ್ಲ. ಹಲಗೆಯಿಂದ ಮೇಲೆ ನಾನು 4.5 ಮಿ.ಮೀ. ಮಾತ್ರ ಬಿಟ್ಟಿದ್ದೇನೆ.

ಎಲ್ಲ ಜೋಡಿಸಿ ತೂಗಿದೆ. ಕ್ಯಾಮೆರಾ, ಲೆನ್ಸ್, ಹಲಗೆ ಸೇರಿ 820 ಗ್ರಾಂ. ಪೈಪು 95. ಕೆಳಗಿನ ತೂಕ 500. ಒಟ್ಟು 1.4 ಕೆಜಿಗೆ ಸ್ವಲ್ಪ ಮೇಲೆ.

ಕೀಲನ್ನು ಮೇಲಿಂದ 10 ಸೆಂ.ಮೀ.ಗೆ ಬಿಗಿದು ಹಿಡಿ ಎತ್ತಿದೆ. ಆಹಾ, ಕಂಬ ನೆಟ್ಟಗೆ ನಿಂತಿತು! ಎರಡು ಹೆಜ್ಜೆ ನಡೆದು ನಿಂತೆ. ನಾನು ನಿಂತೆ, ಅದು ನಿಲ್ಲಲಿಲ್ಲ. ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ, ಹಿಂದೆ ಮುಂದೆ. ಕೆಳಗಿನ ಭಾರ ಜಾಸ್ತಿ ಇದ್ದರೆ ಚೆನ್ನಾಗಿ ನಿಲ್ಲುತ್ತದೆ ಅನ್ನುವುದು ಎಲ್ಲರೂ ಮಾಡುವ ತಪ್ಪು. ನೆಟ್ಟಗೇನೋ ನಿಲ್ಲುತ್ತದೆ. ಆದರೆ ಕೀಲಿಗಿಂತ ಗುರುತ್ವ ಕೇಂದ್ರ ತೀರಾ ಕೆಳಗಿದ್ದರೆ ನೀವು ಹೊರಟಾಗ, ನಿಂತಾಗ ಎಲ್ಲ ಅದು ತೂಗುತ್ತದೆ.

ಇದಕ್ಕೊಂದು ಹಳೇ ಪರೀಕ್ಷೆ ಇದೆ. ಕಂಬವನ್ನು ಅಡ್ಡ ಮಲಗಿಸಿ ಹಿಡಿದು, ಬಿಟ್ಟುಬಿಡಿ. ನೆಟ್ಟಗಾಗುವ ಜಾಗ ತಲುಪಲು ಎಷ್ಟು ಹೊತ್ತು ಅಂತ ಎಣಿಸಿ. ಎರಡರಿಂದ ಮೂರು ಸೆಕೆಂಡ್ ಬೇಕು. ನನ್ನದು ಒಂದು ಸೆಕೆಂಡೂ ಹಿಡಿಯಲಿಲ್ಲ, ಧೊಪ್ ಅಂತ ಬಿತ್ತು. ಲೆಕ್ಕ ಹಾಕಿದೆ. ಒಟ್ಟು ಗುರುತ್ವ ಕೇಂದ್ರ ಮೇಲಿಂದ 12.6 ಸೆಂ.ಮೀ.ಗೆ ಬರುತ್ತಿತ್ತು, ಕೀಲು ಇದ್ದದ್ದು 10ಕ್ಕೆ. ನಡುವೆ 26 ಮಿ.ಮೀ. ಎರಡು ಸೆಕೆಂಡ್ ಬೇಕಾದರೆ ಈ ಅಂತರ 4 ಮಿ.ಮೀ. ಇರಬೇಕು. ಕ್ಲಿಪ್ ಸಡಿಲಿಸಿ ಕೀಲನ್ನು 12.2ಕ್ಕೆ ಇಳಿಸಿದೆ. ಕಣ್ಣಳತೆಯಲ್ಲಿ ಕ್ಲಿಪ್ ಸರಿಸಿದರೆ 4ರ ಬದಲು 2 ಆಗುತ್ತದೆ, ಇಲ್ಲವೇ 7. ಅದಕ್ಕೆ ಕೊನೆಯ ತಿದ್ದುಪಡಿಯನ್ನು ವಾಷರ್‌ಗೆ ಬಿಡಿ. ಒಂದು ಎಂ8 ವಾಷರ್ ಸುಮಾರು 2 ಗ್ರಾಂ. ಕೆಳಗೆ ಒಂದು ಸೇರಿಸಿದರೆ ಗುರುತ್ವ ಕೇಂದ್ರ ಅರ್ಧ ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ಕ್ಲಿಪ್ ಮುಟ್ಟುವ ಗೋಜೇ ಇಲ್ಲ.

ಎರಡು ಸೆಕೆಂಡ್ ಬಂತು. ಆದರೆ ಈಗ ಯಂತ್ರ ತುಂಬಾ ಸೂಕ್ಷ್ಮ ಆಯಿತು. ಕ್ಯಾಮೆರಾ ಒಂದು ಮಿ.ಮೀ. ಎಡಕ್ಕಿದ್ದರೂ ಎಡಕ್ಕೆ ವಾಲುತ್ತದೆ. ಹಲಗೆಯ ಸ್ಕ್ರೂ ಸಡಿಲಿಸು, ಕೂದಲೆಳೆ ಸರಿಸು, ಬಿಗಿ, ನೋಡು. ಬಿಗಿಯುವಾಗಲೇ ಅದು ಸರಿದುಹೋಗುತ್ತದೆ. ಮತ್ತೆ ಸಡಿಲಿಸು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕಂಬ ನೆಟ್ಟಗೆ, ಕ್ಯಾಮೆರಾ ಸಮಕ್ಕೆ ನಿಂತಿತು. ಕಾರಿಡಾರ್‌ನಲ್ಲಿ ನೇರ ನಡೆದು ತೆಗೆದೆ, ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಹೋಯಿತು. ತಮ್ಮನನ್ನು ಕರೆದು ತೋರಿಸಿದೆ. ಅವನು ಪೂರ್ತಿ ನೋಡಿ, "ಮೊದಲ ಅರ್ಧ ಸೂಪರ್" ಅಂದ.

ಎರಡನೇ ಅರ್ಧದಲ್ಲಿ ಕ್ಯಾಮೆರಾ ಸುತ್ತುವುದು ಇದೆ. ಸುತ್ತುತ್ತಾ ಹೋದ ಹಾಗೆ ನೆಲ ಒಂದು ಕಡೆಗೆ ವಾಲುತ್ತಿತ್ತು. ಹಡಗಿನಲ್ಲಿ ತೆಗೆದ ಹಾಗೆ.

ಇಲ್ಲಿಂದ ಎರಡು ದಿನ ನಾನು ತಪ್ಪು ಕಡೆ ಹುಡುಕಿದೆ. ಕ್ಯಾಮೆರಾ ಸರಿಯಾಗಿ ತೂಗಿಲ್ಲ ಅಂದುಕೊಂಡು ಮತ್ತೆ ಸಮ ಮಾಡಿದೆ. ಮುಂದಕ್ಕೆ ನೋಡುವಾಗ ಸಮ, ಸುತ್ತಿದರೆ ವಾಲು. ಪೈಪು ಸೊಟ್ಟ ಇದೆಯಾ ಅಂತ ಗಾಜಿನ ಮೇಲೆ ಉರುಳಿಸಿ ನೋಡಿದೆ, ನೆಟ್ಟಗೇ ಇತ್ತು. ಕೆಳಗಿನ ವಾಷರ್ ಗುಡ್ಡೆ ಎರಡೂ ಕಡೆ ಸಮ ಮಾಡಿದೆ. ವಾಲು ಅಲ್ಲೇ ಇತ್ತು. ಎಷ್ಟು ವಾಲುತ್ತದೆ ಅಂತ ಅಳೆಯಲು ಮೊಬೈಲನ್ನು ಹಲಗೆ ಮೇಲಿಟ್ಟೆ. ಮೊಬೈಲಿನ ತೂಕಕ್ಕೆ ಇಡೀ ಯಂತ್ರ ತಲೆಕೆಳಗಾಯಿತು. ನಗಬೇಡಿ.

ಆಮೇಲೆ ಸುಮ್ನೆ ಕೂತು ಯೋಚಿಸಿದೆ. ಕ್ಯಾಮೆರಾದ ತೂಕ ತಪ್ಪಿದ್ದರೆ ವಾಲುವ ದಿಕ್ಕು ಕ್ಯಾಮೆರಾ ಜೊತೆಗೇ ತಿರುಗಬೇಕು. ಲೆನ್ಸ್ ಭಾರ ಇದ್ದರೆ ಯಾವ ಕಡೆ ತಿರುಗಿಸಿದರೂ ಲೆನ್ಸ್ ಕಡೆಗೇ ಬಗ್ಗಬೇಕು. ನನ್ನದು ಹಾಗಲ್ಲ. ಹಿಡಿ ಅಲ್ಲಾಡಿಸದೆ ಕ್ಯಾಮೆರಾವನ್ನು ಮಾತ್ರ ನನ್ನ ಕಡೆಗೆ ತಿರುಗಿಸಿದಾಗ ಅತಿ ಜಾಸ್ತಿ ವಾಲುತ್ತಿತ್ತು. ಅರ್ಧ ತಿರುಗಿಸಿದರೆ ಅರ್ಧ. ಪೂರ್ತಿ ಸುತ್ತಿ ವಾಪಸ್ ತಂದರೆ ಮತ್ತೆ ಸಮ. ಅಂದರೆ ದೋಷ ಇರುವುದು ತಿರುಗದೇ ಇರುವ ಭಾಗದಲ್ಲಿ, ಕೀಲಿನಲ್ಲಿ. ಹಿಡಿಯ ಬೋಲ್ಟಿನ ಗೆರೆ ಪೈಪಿನ ನಡುವಿನ ಮೂಲಕ ಹೋಗುತ್ತಿಲ್ಲ, ಪಕ್ಕದಲ್ಲಿ ಹೋಗುತ್ತಿದೆ. ನಾನು ಮುಕ್ಕಾಲು ಗಂಟೆ ಕ್ಯಾಮೆರಾ ಸರಿಸಿ ಮಾಡಿದ್ದು ಆ ತಪ್ಪನ್ನು ಮುಚ್ಚಿಹಾಕುವ ಕೆಲಸ. ಕ್ಯಾಮೆರಾ ಹಿಂದಕ್ಕೆ ತಿರುಗಿದಾಗ ಆ ಮುಚ್ಚಳವೂ ತಿರುಗಿ, ತಪ್ಪು ಎರಡರಷ್ಟಾಗಿ ಕಾಣುತ್ತಿತ್ತು.

ಎಷ್ಟು ತಪ್ಪಿದೆ? ಬಾಗಿಲ ಚೌಕಟ್ಟಿಗೆ ಒಂದು ದಾರ ಕಟ್ಟಿ ನಟ್ ತೂಗುಬಿಟ್ಟೆ. ದಾರದ ಮುಂದೆ ಕೀಲು ಬರುವ ಹಾಗೆ ಹಿಡಿದು ಕ್ಯಾಮೆರಾ ನನ್ನ ಕಡೆ ತಿರುಗಿಸಿದೆ. ತಮ್ಮ ಸ್ಕೇಲ್ ಹಿಡಿದ. ಕಂಬದ ಕೆಳತುದಿ ದಾರದಿಂದ 7 ಸೆಂ.ಮೀ. ಆಚೆ ಇತ್ತು. ಕೀಲಿನಿಂದ ಕೆಳತುದಿಗೆ 28. ಏಳು ಅಂದರೆ ಇಪ್ಪತ್ತೆಂಟರ ಕಾಲು ಭಾಗ. ಕೀಲಿನ ಕೆಳಗೆ ಗುರುತ್ವ ಕೇಂದ್ರ 4 ಮಿ.ಮೀ. ದೂರದಲ್ಲಿದೆ, ಅದರ ಕಾಲು ಭಾಗ 1 ಮಿ.ಮೀ. ಇದು ಎರಡರಷ್ಟಾಗಿ ಕಾಣುತ್ತಿರುವ ತಪ್ಪು. ನಿಜವಾದ ತಪ್ಪು ಅರ್ಧ ಮಿ.ಮೀ.

ಅರ್ಧ ಮಿಲಿಮೀಟರ್! ಯು ಪಟ್ಟಿಗೆ ನಡು ಗುರುತು ಹಾಕುವಾಗ ಪೆನ್ಸಿಲ್ ಗೆರೆಯೇ ಅಷ್ಟು ದಪ್ಪ ಇತ್ತು.

ಬೇರೆ ರೀತಿಯ ಕೀಲು ಮಾಡಿದ್ದರೆ ಪಟ್ಟಿ ಎಸೆದು ಹೊಸದು ಮಾಡಬೇಕಿತ್ತು. ಇಲ್ಲಿ ಆ ಎರಡು ಮೊನೆ ಸ್ಕ್ರೂಗಳಿದ್ದವು. ಎಡದ್ದನ್ನು ಸಡಿಲಿಸಿ ಬಲದ್ದನ್ನು ಅಷ್ಟೇ ಬಿಗಿದರೆ ಇಡೀ ಚೌಕದ ತುಂಡು, ಪೈಪಿನ ಸಮೇತ, ಎಡಕ್ಕೆ ಜರುಗುತ್ತದೆ. ಎಂ5 ಸ್ಕ್ರೂ ಒಂದು ಸುತ್ತಿಗೆ 0.8 ಮಿ.ಮೀ. ನಡೆಯುತ್ತದೆ. ನನಗೆ ಬೇಕಾದದ್ದು ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ. ಸ್ಕ್ರೂ ತುದಿಯ ಪಕ್ಕ ಪಟ್ಟಿಯ ಮೇಲೆ ಗುರುತು ಹಾಕಿಕೊಂಡೆ. ಮೊದಲು ತಪ್ಪು ಕಡೆಗೆ ತಿರುಗಿಸಿದೆ. ಕ್ಯಾಮೆರಾ ಮತ್ತೆ ಸಮ ಮಾಡಿ ಸುತ್ತಿದರೆ ವಾಲು ಹೆಚ್ಚುಕಡಿಮೆ ಇಮ್ಮಡಿ. ಬೇಸರ ಆಗಲಿಲ್ಲ, ಖುಷಿಯೇ ಆಯಿತು. ರೋಗ ಸಿಕ್ಕಿದೆ ಅಂತ ಖಾತ್ರಿಯಾಯಿತಲ್ಲ. ವಾಪಸ್ ತಂದು, ಇನ್ನೊಂದು ಕಡೆಗೆ ಅರ್ಧ ಸುತ್ತು, ಮೇಲೊಂದು ಚೂರು. ಕ್ಯಾಮೆರಾ ಸಮ ಮಾಡಿದೆ. ಸುತ್ತಿದೆ. ಕೆಳತುದಿ ದಾರದ ಪಕ್ಕದಲ್ಲೇ ನಿಂತಿತು.

ಮೊನೆ ಎಷ್ಟು ಬಿಗಿ ಇರಬೇಕು ಅನ್ನುವುದು ಬೆರಳಿಗೆ ಬಿಟ್ಟದ್ದು. ಬಿಗಿ ಹೆಚ್ಚಾದರೆ ಕಂಬ ಬಾಗುವಾಗ ತಡೆದು ತಡೆದು ಬರುತ್ತದೆ. ಸಡಿಲವಾದರೆ ಕಿವಿಗೆ ಟಿಕ್ ಅಂತ ಕೇಳುತ್ತದೆ. ಆ ಟಿಕ್ ನಿಲ್ಲುವವರೆಗೆ ಬಿಗಿದು, ಅಲ್ಲಿಗೆ ಬಿಡಿ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಅದನ್ನು ಅಲನ್ ಕೀಯಲ್ಲಿ ಹಿಡಿದುಕೊಂಡಿರಬೇಕು.

ಶೂಟಿಂಗ್ ದಿನ ಕಲಿತದ್ದೂ ಕೆಲವು ಇವೆ. ಕ್ಯಾಮೆರಾವನ್ನು ಕುತ್ತಿಗೆಗೆ ಹಾಕುವ ಪಟ್ಟಿ ಬಿಚ್ಚಿಡಿ, ಅದು ತೂಗಾಡಿದರೆ ಎಲ್ಲ ಕೆಟ್ಟಿತು. ಪರದೆ ತೆರೆದಿಟ್ಟು ಚಿತ್ರೀಕರಿಸುವುದಾದರೆ ತೆರೆದಿಟ್ಟೇ ಸಮತೋಲ ಮಾಡಿ. ಜೂಮ್ ಲೆನ್ಸ್ ಉದ್ದವಾದರೆ ಮೂತಿ ಬಗ್ಗುತ್ತದೆ, ಜೂಮ್ ಬಳೆಗೆ ಟೇಪ್ ಸುತ್ತಿಬಿಡಿ. ಬ್ಯಾಟರಿ ಬದಲಿಸಿದಾಗ ಇನ್ನೊಮ್ಮೆ ನೋಡಿ. ಫೋಕಸ್ ಹಿಡಿಯಲು ಕೈ ಖಾಲಿ ಇರುವುದಿಲ್ಲ, ಮೊದಲೇ ಇಟ್ಟುಬಿಡಬೇಕು. ಮಧ್ಯಮ ಗಾತ್ರದ ಎಪಿಎಸ್‌-ಸಿ ಸೆನ್ಸರ್‌ನಲ್ಲಿ 18 ಮಿ.ಮೀ. ಲೆನ್ಸ್, ಬೆಳಕು ಬಿಡುವ ಕಂಡಿ (ಅಪರ್ಚರ್) ಎಫ್ 8ಕ್ಕೆ ಇಟ್ಟು 2 ಮೀಟರ್‌ಗೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ 1 ಮೀಟರ್‌ನಿಂದ ಆಚೆಗೆಲ್ಲ ಸ್ಪಷ್ಟ. ಬೆಳಕು ಮಾತ್ರ ಬೇಕು. ನಾವು ಕಾರಿಡಾರ್‌ನ ಕಿಟಕಿಗಳನ್ನೆಲ್ಲ ತೆರೆದೆವು. ಗಾಳಿಯೂ ಬಂತು, ಕ್ಯಾಮೆರಾ ಗಾಳಿಪಟದ ಹಾಗೆ ತಿರುಗಿಕೊಂಡಿತು, ಎರಡು ಮುಚ್ಚಿದೆವು.

ಬಲಗೈಯಲ್ಲಿ ಯಂತ್ರದ ಹಿಡಿ. ಎಡಗೈಯ ಹೆಬ್ಬೆರಳು, ತೋರುಬೆರಳು ಕೀಲಿನ ಸ್ವಲ್ಪ ಕೆಳಗೆ ಪೈಪನ್ನು ಮುಟ್ಟಿಯೂ ಮುಟ್ಟದ ಹಾಗೆ. ಕ್ಯಾಮೆರಾವನ್ನು ತಿರುಗಿಸುವುದು ಆ ಎರಡು ಬೆರಳು. ಹಿಂಡಿದರೆ ಕೈಯ ನಡುಕವೆಲ್ಲ ಅಲ್ಲಿಂದಲೇ ಒಳಗೆ ಹೋಗುತ್ತದೆ, ಕೀಲು ಇದ್ದೂ ಇಲ್ಲದ ಹಾಗೆ. ಇದು ಅಭ್ಯಾಸಕ್ಕೆ ಬರಲು ಕೀಲು ಮಾಡಿದ್ದಕ್ಕಿಂತ ಜಾಸ್ತಿ ದಿನ ಬೇಕು ಅನ್ನಿಸುತ್ತದೆ.

ಮೇಲೆ ಕೆಳಗೆ ಕುಣಿಯುವುದನ್ನು ಇದು ತಡೆಯುವುದಿಲ್ಲ. ಅದಕ್ಕೇ ಸ್ಟೆಡಿಕ್ಯಾಮ್‌ನಲ್ಲಿ ಸ್ಪ್ರಿಂಗ್ ತೋಳು ಇರುವುದು. ನಮಗೆ ಮೊಣಕಾಲೇ ಸ್ಪ್ರಿಂಗು. ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ಬೆರಳುಗಳವರೆಗೆ ಪಾದ ಉರುಳಿಸುತ್ತಾ ನಡೆಯಬೇಕು. ತುಂಬಿದ ಕೊಡ ಹೊತ್ತವರ ನಡಿಗೆ. ಹಿಡಿ ಸೇರಿ 1.7 ಕೆಜಿ ಆಯಿತು. ಏನೂ ಅಲ್ಲ ಅನ್ನಿಸುತ್ತದೆ, ನಾಲ್ಕನೇ ಟೇಕ್‌ವರೆಗೆ. ಆಮೇಲೆ ಮುಂಗೈ ಉರಿಯುತ್ತದೆ, ಬೆರಳು ತಾನಾಗೇ ಬಿಗಿಯುತ್ತದೆ. ಪ್ರತಿ ಟೇಕ್ ಆದ ಮೇಲೆ ಎರಡು ಕುರ್ಚಿಗಳ ಬೆನ್ನಿಗೆ ಅಡ್ಡ ಇಟ್ಟ ಕೋಲಿಗೆ ಹಿಡಿಯನ್ನು ನೇತುಹಾಕುತ್ತಿದ್ದೆ.

ಒಂಬತ್ತನೇ ಟೇಕ್ ಇಟ್ಟುಕೊಂಡೆವು. ನಡಿಗೆಯಲ್ಲಿ ಸಣ್ಣ ಕುಣಿತ ಕಾಣುತ್ತದೆ, ಸುತ್ತುವಾಗ ನೆಲ ನೆಟ್ಟಗಿದೆ. ಲಾಕ್‌ನಟ್‌ಗಳು ಜಾರದಿರಲಿ ಅಂತ ಅವುಗಳ ಮೇಲೆ ಉಗುರಿನ ಬಣ್ಣ ಹಚ್ಚಿದ್ದೇನೆ. ಪೈಪಿನ ಮೇಲೆ 12.2ರ ಹತ್ತಿರ ಗೆರೆ ಕೊರೆದಿದ್ದೇನೆ. ಇನ್ನು ಕೆಳಗಿನ ವಾಷರ್ ಗುಡ್ಡೆ ತೆಗೆದು ಆ ಜಾಗಕ್ಕೆ ಸೌಂಡ್ ರೆಕಾರ್ಡರ್, ಅದರ ಬ್ಯಾಟರಿ ಕಟ್ಟಬೇಕು. ಸುಮ್ನೆ ಕಬ್ಬಿಣ ಯಾಕೆ ಹೊರಬೇಕು? ತೂಗಿ ನೋಡಿದೆ, 480 ಗ್ರಾಂ ಇದೆ. ಉಳಿದ 20 ಗ್ರಾಂಗೆ ಹತ್ತು ವಾಷರ್ ಎತ್ತಿಟ್ಟಿದ್ದೇನೆ.